ಕೊನೆಯ ಕತ್ತರಿ

ಮಂಗಳವಾರ, ಮಧ್ಯಾಹ್ನ

ಅಮ್ಮಾ,

ಚೆನ್ನಾಗಿದ್ದೀಯಾ ಎಂದು ಕೇಳುವ ಮನಸ್ಸಿಲ್ಲ, ಆದರೂ ಕೇಳುತ್ತಿದ್ದೇನೆ. ನಾನಿನ್ನೂ ಗೆಳತಿಯ ರೂಮಿನಲ್ಲೇ ಇದ್ದೇನೆ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಆ ಚಿಂತೆ ನಿನಗೆ ಬೇಡ.

ನಿನ್ನೆ ಮುಖ್ಯರಸ್ತೆಯ ದೊಡ್ಡ ಸಲೂನಿನಲ್ಲಿ ಕೆಲಸಕ್ಕಾಗಿ ನನಗೆ ಪರೀಕ್ಷೆ ಇತ್ತು. ಅಲ್ಲಿನ ಯಜಮಾನಿ ಒಬ್ಬ ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಭುಜದ ಮಟ್ಟಕ್ಕೆ ಕತ್ತರಿಸಮ್ಮ, ನೋಡೋಣ ಅಂದರು. ಕತ್ತರಿಸಿದೆ. ಬೇಕಾದರೆ ಜಂಬ ಅಂದುಕೋ, ಚೆನ್ನಾಗಿಯೇ ಕತ್ತರಿಸಿದೆ. ಪಕ್ಕದ ಕುರ್ಚಿಯ ಹುಡುಗಿಯರು ತಮ್ಮ ಕೆಲಸ ಬಿಟ್ಟು ನೋಡುತ್ತಿದ್ದರು. ಆಮೇಲೆ ನಾನೇನು ಮಾಡಿದೆ ಗೊತ್ತಾ? ಕತ್ತರಿಯನ್ನು ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತುಬಿಟ್ಟೆ.

ಮುಗೀತಾ ಅಂತ ಯಜಮಾನಿ ಕೇಳಿದರು. ನೀವು ಬಂದು ಮುಗಿಸಿ ಮೇಡಂ ಅಂದೆ. ಎಲ್ಲರೂ ನಕ್ಕರು. ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮತ್ತೇನು ಮಾಡಲಿ? ನಾಲ್ಕು ವರ್ಷ ನಿನ್ನ ಅಂಗಡಿಯಲ್ಲಿ ಕಲಿತದ್ದು ಅದನ್ನೇ. ತಲೆ ತೊಳೆಯುವುದು ನಾನು, ಕೂದಲು ಭಾಗ ಮಾಡಿ ಕ್ಲಿಪ್ ಹಾಕುವುದು ನಾನು, ಕತ್ತರಿಸುವುದೂ ನಾನು. ಕೊನೆಗೆ ನೀನು ಬಂದು, ಆ ಕಡೆ ಸರಿ ಅಂತ ನನ್ನನ್ನು ತಳ್ಳಿ, ಕತ್ತರಿಯನ್ನು ನಾಲ್ಕು ಸಲ ಕಚಕಚ ಅನ್ನಿಸಿ ಕನ್ನಡಿ ಹಿಡಿಯುತ್ತಿದ್ದೆ. ಗಿರಾಕಿ ನಿನ್ನ ಕೈಗುಣವನ್ನು ಹೊಗಳುತ್ತಿದ್ದಳು. ನಾನು ಪೊರಕೆ ಹುಡುಕುತ್ತಿದ್ದೆ. ಒಂದೇ ಒಂದು ತಲೆಯನ್ನು ನಾನೇ ಮುಗಿಸುತ್ತೇನೆ ಎಂದು ಎಷ್ಟು ಗೋಗರೆದೆ ಅಮ್ಮಾ. ಮೊದಲು ಕಲಿ, ಆಮೇಲೆ ನೋಡೋಣ ಅನ್ನುತ್ತಿದ್ದೆ ನೀನು. ಆ ಕಲಿಯುವುದು ಯಾವಾಗ ಮುಗಿಯುತ್ತದೆ ಎಂದು ಮಾತ್ರ ಹೇಳಲೇ ಇಲ್ಲ.

ಯಜಮಾನಿ ಒಳ್ಳೆಯವರು. ಕೈಯಲ್ಲಿ ಕೆಲಸ ಇದೆ, ಧೈರ್ಯ ಇಲ್ಲ. ನಿನಗೆ ಅನುಭವ ಇದೆ ಅಂತ ನಿಮ್ಮಮ್ಮ ಒಂದು ಮಾತು ಹೇಳಿದ್ರೆ ತಗೋತೀನಿ ಅಂದರು. ನನ್ನೆದುರೇ ನಿನಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು, ಅದು ನಿನಗೆ ಗೊತ್ತಿರಲಿಲ್ಲ. ಅವಳಾ, ಅವಳು ಕತ್ತರಿ ಮುಟ್ಟಿದವಳೇ ಅಲ್ಲ, ಕೂದಲು ಗುಡಿಸ್ಕೊಂಡಿದ್ಲು ಅಷ್ಟೇ ಅಂದೆ ನೀನು. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಜಗಳವಾಡುತ್ತಿದ್ದೆ. ಹೆತ್ತ ತಾಯಿಯ ಮಾತು ಸುಳ್ಳು ಅಂದರೆ ಯಾರು ನಂಬುತ್ತಾರೆ? ಇನ್ನೆಲ್ಲಿ ಹೋದರೂ ಅನುಭವ ಕೇಳುತ್ತಾರೆ, ನಿನಗೇ ಫೋನ್ ಮಾಡುತ್ತಾರೆ. ಹಾಗಾಗಿ ನಾಳೆಯಿಂದ ಅಲ್ಲೇ ತಲೆ ತೊಳೆಯುವ ಕೆಲಸಕ್ಕೆ ಸೇರುತ್ತಿದ್ದೇನೆ. ಕಲಿಯುವವಳು ಅಂತ, ಸಂಬಳವಿಲ್ಲದೆ. ವರ್ಷ ಕಳೆದ ಮೇಲೆ ಕತ್ತರಿ ಕೊಡುತ್ತಾರಂತೆ.

ಹೀಗೆ ಹೇಳಿದರೆ ತಾನಾಗಿ ವಾಪಸ್ ಬರುತ್ತಾಳೆ ಎಂದುಕೊಂಡಿದ್ದರೆ ನಿನ್ನ ಎಣಿಕೆ ತಪ್ಪಿತು. ನಾನು ಬರುವುದಿಲ್ಲ.

ಇತಿ,
ನಿನ್ನ ಅಂಗಡಿಯಲ್ಲಿ ಕೂದಲು ಗುಡಿಸುತ್ತಿದ್ದವಳು

ತಾ.ಕ.: ತಾಯಿಯಾಗಿ ಯಾಕಮ್ಮ ಹೀಗಂದ್ರು ಅಂತ ಯಜಮಾನಿ ಕೆದಕಿ ಕೆದಕಿ ಕೇಳಿದರು. ನಿನ್ನ ಕೈ ನಡುಗುತ್ತದೆ, ಒಂದು ವರ್ಷದಿಂದ ನೀನು ಒಂದೆಳೆ ಕೂದಲಿಗೂ ತಾಗಿಸದೆ ಬರೀ ಗಾಳಿಯಲ್ಲಿ ಕತ್ತರಿ ಆಡಿಸುತ್ತಿದ್ದೆ ಎಂದಿದ್ದರೆ ಆ ಕೆಲಸ ನನ್ನದಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಶನಿವಾರ ಆಸ್ಪತ್ರೆಯ ನರ್ಸ್ ಕೂದಲು ಕತ್ತರಿಸಿಕೊಳ್ಳಲು ಬರುತ್ತಾಳೆ, ಅವಳಿಗೆ ಕಿವಿಯ ಪಕ್ಕದಲ್ಲಿ ತೀರಾ ಚರ್ಮಕ್ಕೆ ಒತ್ತಿ ಕತ್ತರಿಸಬೇಕು. ಏನಾದರೂ ನೆಪ ಹೇಳಿ ಕಳಿಸಿಬಿಡು.