ಬೋಗಾಣಿಯ ಮುಚ್ಚಳ ತೆಗೆದು ನೋಡಿದ ಅಧ್ಯಯನ

ಗಡಿಭಾಗದ ಬುಡಕಟ್ಟು ಮಕ್ಕಳ ಆರೋಗ್ಯ ಅಧ್ಯಯನದ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಕೈಲಾಸನನ್ನು ಮನೆಗೆ ಕಳಿಸಿಕೊಡಿ. ಇಷ್ಟು ಹೇಳುವುದಕ್ಕೆ ಬಹಿರಂಗ ಪತ್ರ ಬೇಕಿರಲಿಲ್ಲ. ಉದಗೀರದ ನಿಮ್ಮ ಕಚೇರಿಗೆ ನಾನೇ ಬಂದಿದ್ದೆ, ಹುಡುಗನ ತಾಯಿಯನ್ನೂ ಕರೆತಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮತ್ತೊಮ್ಮೆ ಬಂದಾಗ ಸಾಹೇಬರು ಪುಣೆಗೆ ಹೋಗಿದ್ದಾರೆ, ಬುಡಕಟ್ಟು ಸಮುದಾಯಗಳನ್ನು ಸಂಶೋಧನೆಯಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬ ಬಗ್ಗೆ ಅಲ್ಲಿ ಅವರ ಭಾಷಣವಿದೆ ಎಂದರು. ಅದೇ ಹೊತ್ತಿಗೆ ನಾವು ಪಾಲುದಾರರಿಬ್ಬರು ನಿಮ್ಮ ಗೇಟಿನ ಹೊರಗೆ ಬಿಸಿಲಲ್ಲಿ ಕೂತಿದ್ದೆವು. ಆದ್ದರಿಂದ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನೀವು ಕನ್ನಡದವರು, ಕಲಬುರಗಿ ಕಡೆಯವರು ಎಂದು ಮೊದಲ ದಿನವೇ ಹೆಮ್ಮೆಯಿಂದ ಹೇಳಿಕೊಂಡಿದ್ದಿರಿ. ಕನ್ನಡ ಪತ್ರಿಕೆ ಓದುವಷ್ಟು ಪುರುಸೊತ್ತು ನಿಮಗಿರಬಹುದು ಎಂದು ನಂಬಿದ್ದೇನೆ.

ನಾನು ಯಾರೆಂದು ಓದುಗರಿಗೆ ಹೇಳಬೇಕು. ನಾನು ಪಾರಧಿ ಹೆಂಗಸು. ಗಡಿಯಾಚೆ ಆಳಂದದ ಕಡೆ ನಮ್ಮನ್ನೇ ಹರಣಶಿಕಾರಿ ಎನ್ನುತ್ತಾರೆ. ಅಲ್ಲಿ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮಹಾರಾಷ್ಟ್ರದ ಉಮರ್ಗಾ ತಾಲೂಕಿನ ದಾಳಿಂಬದ ಆಚೆ ಇರುವ ಈ ವಸ್ತಿಗೆ ಸೊಸೆಯಾಗಿ ಬಂದೆ. ನಮ್ಮ ಹಿರಿಯರು ಬೇಟೆಯಾಡಿ ಬದುಕಿದವರು. ಬ್ರಿಟಿಷರ ಕಾಲದಲ್ಲಿ, ನಿಜಾಮನ ಕಾಲದಲ್ಲಿ ಹುಟ್ಟುತ್ತಲೇ ಕಳ್ಳರು ಎಂದು ನಮ್ಮ ಕುಲದ ಹೆಸರನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಸ್ವಾತಂತ್ರ್ಯ ಬಂದಮೇಲೆ ಅದನ್ನು ಅಳಿಸಿದ್ದಾರಂತೆ. ಆ ಸುದ್ದಿ ನಮ್ಮ ಠಾಣೆಗೆ ಇನ್ನೂ ತಲುಪಿಲ್ಲ. ಈಗ ನಾವು ಸುಗ್ಗಿಯಲ್ಲಿ ಸೋಯಾಬೀನ್ ಕೊಯ್ಯುತ್ತೇವೆ, ಚಳಿಗಾಲದಲ್ಲಿ ಮುರುಮದ ಕಡೆ ಕಬ್ಬು ಕಡಿಯಲು ಹೋಗುತ್ತೇವೆ, ಉಳಿದ ದಿನ ಯಾರು ಕರೆದರೆ ಅವರ ಹೊಲಕ್ಕೆ ಹೋಗುತ್ತೇವೆ.

ಪ್ರಶ್ನೆ ಕೇಳುವವರು ನಮಗೆ ಹೊಸಬರಲ್ಲ. ಭೂಕಂಪವಾದ ವರ್ಷ ಜೀಪುಗಳು ಸಾಲುಗಟ್ಟಿ ಬಂದವಂತೆ. ಊರಲ್ಲಿ ಬಿದ್ದ ಮನೆಗಳಿಗೆ ಪರಿಹಾರ ಬಂತು. ನಮ್ಮವು ಹರಕು ಸೀರೆ, ತಗಡಿನ ಗುಡಿಸಲುಗಳು, ಬೀಳಲಿಲ್ಲ. ಆದ್ದರಿಂದ ಪಾರಧಿಗಳಿಗೆ ಏನೂ ನಷ್ಟವಾಗಿಲ್ಲ ಎಂದು ಬರೆದುಕೊಂಡು ಹೋದರು ಎಂದು ನಮ್ಮತ್ತೆ ಹೇಳುತ್ತಿದ್ದರು. ಆಮೇಲೂ ಹಲವರು ಬಂದರು, ಕೇಳಿದರು, ಫೋಟೋ ತೆಗೆದರು. ಅವರಲ್ಲಿ ಒಬ್ಬರೂ ತಿರುಗಿ ಬಂದು, ನೀವು ಹೇಳಿದ್ದರಿಂದ ಇಂಥದ್ದು ತಿಳಿಯಿತು ಎಂದು ನಮಗೆ ಹೇಳಲಿಲ್ಲ. ನೀವೂ ಹಾಗೆಯೇ ಬಂದು ಹೋಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನೀವು ಬಂದದ್ದು ಹೇಗೆ? ಮೊದಲು ಸಮುದಾಯದ ಒಪ್ಪಿಗೆ ಬೇಕು ಎಂದು ನಿಯಮವಿದೆಯಂತೆ. ಒಳ್ಳೆಯ ನಿಯಮ. ಆ ಒಪ್ಪಿಗೆಯನ್ನು ನೀವು ಪಡೆದದ್ದು ಊರಿನ ಪೊಲೀಸ್ ಪಾಟೀಲರಿಂದ. ಊರಲ್ಲಿ ಕೋಳಿ ಕಳೆದರೂ ನಮ್ಮ ಗಂಡಸರ ಹೆಸರನ್ನು ಠಾಣೆಗೆ ಮುಟ್ಟಿಸುವವರು ಅವರೇ. ಮಾನ್ಯರೇ, ಪಾರಧಿಗಳ ಪರವಾಗಿ ಒಪ್ಪಿಗೆ ಕೊಡಲು ಅವರಿಗಿಂತ ಯೋಗ್ಯರು ನಿಮಗೆ ಸಿಗಲಿಲ್ಲವೇ? ಅವರ ಸಹಿ ಸಿಕ್ಕ ಮೇಲೆ ಜೀಪು ನೇರ ವಸ್ತಿಗೆ ಬಂತು. ಖಾಕಿ ಬಣ್ಣದ ಪ್ಯಾಂಟು ತೊಟ್ಟ ಇಬ್ಬರು ಹುಡುಗರು, ಒಬ್ಬ ಹುಡುಗಿ ಇಳಿದರು. ತಕ್ಕಡಿ ತೂಗುಹಾಕಿದರು, ಮಕ್ಕಳ ತೋಳಿಗೆ ಅಳತೆಯ ಪಟ್ಟಿ ಸುತ್ತಿದರು. ಅಲ್ಲಿಯವರೆಗೆ ಎಲ್ಲರೂ ನಗುತ್ತಲೇ ಇದ್ದರು.

ಆಮೇಲೆ ಅವರು ಗುಡಿಸಲಿಂದ ಗುಡಿಸಲಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು. ನಿನ್ನೆ ನಿಮ್ಮ ಮನೆಯಲ್ಲಿ ಏನು ಬೇಯಿಸಿದಿರಿ, ಮಗು ಏನೇನು ತಿಂದಿತು? ನನ್ನ ನೆಗೆಣ್ಣಿ, ಕೈಲಾಸನ ತಾಯಿ ಸರುಬಾಯಿಯ ಗುಡಿಸಲಲ್ಲಿ ಒಬ್ಬ ಹುಡುಗ ಕೇಳುತ್ತ ಕೇಳುತ್ತಲೇ ಒಲೆಯ ಮೇಲಿನ ಬೋಗಾಣಿಯ ಮುಚ್ಚಳ ತೆಗೆದು ಒಳಗೆ ಇಣುಕಿದ. ಸರುಬಾಯಿ ಎದ್ದು ನಿಂತು ಸೆರಗು ಸರಿಮಾಡಿಕೊಂಡು ಹೇಳಿದಳು: “ಏನೂ ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಏನೂ ಮಾಡಿಲ್ರಿ.”

ಆಕೆಯೊಬ್ಬಳೇ ಅಲ್ಲ, ಎಲ್ಲ ತಾಯಂದಿರೂ ಅದನ್ನೇ ಹೇಳಿದರು. ಏಕೆಂದು ನಿಮ್ಮ ವರದಿಯಲ್ಲಿ ಬರೆದಿದ್ದೀರಿ: ತಾಯಂದಿರ ನಿರ್ಲಕ್ಷ್ಯ, ಕುಡಿತ, ಮಕ್ಕಳಿಗೆ ಉಣಿಸುವ ಅರಿವಿಲ್ಲದಿರುವುದು. ನಮ್ಮಲ್ಲಿ ಯಾರನ್ನಾದರೂ ಕೇಳಿದ್ದರೆ ಏಕೆಂದು ಹೇಳುತ್ತಿದ್ದೆವು. ಹೊರಗಿನವರು ಬಂದು ಒಲೆಯ ಮೇಲೆ ಏನಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನುವುದು ನಮ್ಮ ರೂಢಿ. ಆ ಪ್ರಶ್ನೆಯನ್ನು ನಮ್ಮ ಅಜ್ಜಿಯರ ಕಾಲದಿಂದಲೂ ಕೇಳುತ್ತ ಬಂದವರು ಪೊಲೀಸರು ಮಾತ್ರ. ಎಲ್ಲೋ ಮೇಕೆ ಕಳೆದಿರುತ್ತದೆ, ಅವರು ಬರುತ್ತಾರೆ, ಮುಚ್ಚಳ ತೆಗೆಯುತ್ತಾರೆ. ಸರುಬಾಯಿಯ ಗಂಡ ದತ್ತಾತ್ರಿ ಮದುವೆಯ ಹೊಸತರಲ್ಲಿ ಒಮ್ಮೆ ಪ್ರಾಮಾಣಿಕತನ ತೋರಿಸಿದ್ದ. ಬೋಗಾಣಿಯಲ್ಲಿರುವುದು ಲಾವಿಗೆ ಹಕ್ಕಿ, ಮೇಕೆಯಲ್ಲ ಎಂದು ನಿಜ ಹೇಳಿದ. ಠಾಣೆಗೆ ಒಯ್ದು ಹೊಡೆದರು. ಕಳೆದ ಮೇಕೆ ಮರುದಿನ ಅದರ ಯಜಮಾನನ ತೊಗರಿ ಹೊಲದಲ್ಲೇ ಮೇಯುತ್ತಿತ್ತು. ದತ್ತಾತ್ರಿಯ ಬಲಗೈ ಇಂದಿಗೂ ಭುಜದ ಮೇಲಕ್ಕೆ ಏಳುವುದಿಲ್ಲ.

ಹಾಗಾಗಿ ನಮ್ಮಲ್ಲಿ ಮಗು ಅವ್ವ, ಅಪ್ಪ ಎನ್ನಲು ಕಲಿತ ಮೇಲೆ ಹೊರಗಿನವರ ಭಾಷೆಯಲ್ಲಿ ಕಲಿಸುವ ಮಾತು ‘ಏನೂ ಇಲ್ಲ’ ಎಂಬುದೇ. ಅವತ್ತು ನಿಮ್ಮ ಹುಡುಗಿ ಕೈಲಾಸನ ಗದ್ದ ಹಿಡಿದು, ನೀನೇನು ತಿಂದೆ ಪುಟ್ಟಾ ಎಂದು ಮುದ್ದಿನಿಂದಲೇ ಕೇಳಿದಳು. ಮೂರು ವರ್ಷದ ಹುಡುಗ ಅವಳನ್ನು ನೇರವಾಗಿ ನೋಡಿ, ಏನೂ ಇಲ್ಲ ಎಂದ. ನಾನು ಬಾಗಿಲಲ್ಲೇ ನಿಂತಿದ್ದೆ. ತಂಗಿ, ಅದು ಹಾಗಲ್ಲ, ಸ್ವಲ್ಪ ಕೇಳಿಲ್ಲಿ ಎಂದೆ. ನನ್ನ ಮಕ್ಕಳು ದೊಡ್ಡವರಾಗಿರುವುದರಿಂದ ನಾನು ಅಧ್ಯಯನದಲ್ಲಿ ಬರುವುದಿಲ್ಲವೆಂದೂ ನಡುವೆ ಬಾಯಿ ಹಾಕಿದರೆ ಮಾಹಿತಿ ಕೆಡುತ್ತದೆಂದೂ ಆಕೆ ತಿಳಿಹೇಳಿದಳು. ಮಾಹಿತಿ ಕೆಡದಂತೆ ಜೋಪಾನ ಮಾಡಿಕೊಂಡು ಹೋದರು.

ಜೀಪು ಹೋದ ಮೇಲೆ ಸರುಬಾಯಿ ಮಗನನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು ನನ್ನ ಕಡೆ ಬಂದಳು. “ಹೆಂಗ್ ಶ್ಯಾಣ್ಯಾ ಆಗ್ಯಾನ ನೋಡಕ್ಕಾ ನನ್ ಮಗ. ಒಂದ್ ಮಾತ್ ಬಿಟ್ಟುಕೊಡ್ಲಿಲ್ಲ,” ಎಂದಳು. ಹಾಗೆನ್ನುವಾಗ ಅವಳ ಮುಖದ ತುಂಬ ಹಿಗ್ಗಿತ್ತು. ಆ ದಿನ ಜೀಪು ಬರುವ ಮೊದಲೇ ಬೋಗಾಣಿ ಬರಿದಾಗುವಂತೆ ಕೈಲಾಸ ತಿಂದದ್ದು ಲಾವಿಗೆಯ ಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಲಾವಿಗೆ ಹಿಡಿಯುವುದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತು. ಇದನ್ನು ಓದಿ ಕೇಸು ಹಾಕಿಸುವುದಿದ್ದರೆ ಹಾಕಿಸಿ, ಹುಡುಗನನ್ನು ಮಾತ್ರ ಮೊದಲು ಕಳಿಸಿ.

ಆಮೇಲೆ ನಡೆದದ್ದು ನಿಮಗೇ ಗೊತ್ತು. ನಿಮ್ಮ ವರದಿ ಮಕ್ಕಳ ರಕ್ಷಣೆಯ ಕಚೇರಿಗೆ ಹೋಯಿತು. ಒಂದು ಮುಂಜಾನೆ ವ್ಯಾನು ಬಂತು, ಜೊತೆಗೆ ಒಬ್ಬ ಮಹಿಳಾ ಪೊಲೀಸ್. ಒಂದು ತಿಂಗಳು ಔಷಧ, ಒಳ್ಳೆಯ ಊಟ ಕೊಟ್ಟು ಕಳಿಸುತ್ತೇವೆ ಎಂದು ಹೇಳಿ ಸರುಬಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಕೈಲಾಸನನ್ನು ಉದಗೀರದ ನಿಮ್ಮ ಪೋಷಣೆಯ ವಸತಿಗೆ ಒಯ್ದರು. ಆ ತಿಂಗಳು ಮುಗಿದು ಕಬ್ಬಿನ ಹಂಗಾಮೂ ಮುಗಿಯುತ್ತ ಬಂತು. ಕೇಳಿದರೆ, ತಾಯಿ ಮಗುವನ್ನು ಸಾಕಲು ಅರ್ಹಳೆಂದು ಸಾಬೀತಾಗಬೇಕು ಎನ್ನುತ್ತಾರೆ. ಅದನ್ನು ಸಾಬೀತು ಮಾಡುವ ಬಗೆ ಹೇಗೆ ಸ್ವಾಮಿ? ಆಕೆಯ ಮನೆಗೆ ಬಂದು ಮತ್ತೆ ಬೋಗಾಣಿಯ ಮುಚ್ಚಳ ತೆಗೆಯುತ್ತೀರಾ?

ಒಮ್ಮೆ ನಮ್ಮನ್ನು ಒಳಗೆ ಬಿಟ್ಟರು. ಕೈಲಾಸನ ಕೆನ್ನೆ ತುಂಬಿತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಅಲ್ಲಿನ ನರ್ಸಮ್ಮ ನಗುತ್ತ ಹೇಳಿದರು, ಗಂಜಿ ಕುಡಿಸಿ ಏನು ತಿಂದೆ ಎಂದು ಕೇಳಿದರೆ ಬಾಯಿಗೆ ಗಂಜಿ ಮೆತ್ತಿಕೊಂಡೇ ಏನೂ ಇಲ್ಲ ಎನ್ನುತ್ತಾನಂತೆ. ನೆನಪಿನ ಶಕ್ತಿ ಕಡಿಮೆ ಎಂದು ಡಾಕ್ಟರಿಗೆ ತೋರಿಸಿದ್ದಾರಂತೆ. ಬೇರೆ ಮಾತು ಆಡುತ್ತಾನೆಯೇ ಎಂದು ಸರುಬಾಯಿ ಕೇಳಿದಳು. ಇಲ್ಲ, ಅದೊಂದೇ ಎಂದರು. ನಮ್ಮ ಮನೆಮಾತು ಬಲ್ಲವರು ಆ ಕಟ್ಟಡದಲ್ಲಿ ಒಬ್ಬರೂ ಇಲ್ಲ. ತಾಯಿಯ ಹತ್ತಿರ ಬಂದ ಹುಡುಗ ಅವಳ ಸೆರಗು ಹಿಡಿದುಕೊಂಡನೇ ಹೊರತು ಒಂದೂ ಮಾತಾಡಲಿಲ್ಲ. ತಿರುಗಿ ಬರುವಾಗ ಸರುಬಾಯಿ ಷೇರ್ ಆಟೋದಲ್ಲಿ ಎಲ್ಲರೆದುರು ಗೊಳೋ ಎಂದು ಅತ್ತಳು. ತಾನೇ ಕಲಿಸಿದ ಮಾತು ತನ್ನ ಮಗನನ್ನು ನುಂಗಿತು ಎಂದು ಎದೆ ಬಡಿದುಕೊಂಡಳು. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ನಿಮ್ಮ ಮೇಲೆ ಬಂತು, ಇನ್ನೂ ಇಳಿದಿಲ್ಲ.

ಈಗ ನೀವು ಹೇಳಬಹುದು, ಹುಡುಗನ ತೂಕ ನಿಜವಾಗಿಯೂ ಕಡಿಮೆಯಿತ್ತಲ್ಲ ಎಂದು. ಇತ್ತು. ತಕ್ಕಡಿ ಸುಳ್ಳು ಹೇಳಲಿಲ್ಲ. ನಮ್ಮ ವಸ್ತಿಯ ಬಹಳ ಮಕ್ಕಳು ಸೊರಗಿದ್ದಾರೆ. ಪ್ರತಿ ವರ್ಷ ಕಬ್ಬು ಕಡಿಯಲು ಹೋದಾಗ ಮಕ್ಕಳಿಗೆ ಭೇದಿ ಹತ್ತುತ್ತದೆ, ತಿರುಗಿ ಬರುವಷ್ಟರಲ್ಲಿ ಎಲುಬು ಕಾಣುತ್ತವೆ. ಅದು ನೀರಿನಿಂದಲೋ, ಹೊಲದಲ್ಲಿ ಚಳಿಗೆ ಮಲಗಿಸುವುದರಿಂದಲೋ, ಬೆಳೆಗೆ ಹೊಡೆಯುವ ಔಷಧದಿಂದಲೋ, ನಮಗೆ ಗೊತ್ತಿಲ್ಲ. ಗೊತ್ತಿದ್ದರೆ ನಾವೇಕೆ ಸುಮ್ಮನಿರುತ್ತಿದ್ದೆವು? ನಾವು ಸಂಶೋಧನೆ ಬೇಡ ಎನ್ನುವವರಲ್ಲ. ನಮ್ಮ ಮಕ್ಕಳೇಕೆ ಹೀಗಾಗುತ್ತಾರೆ ಎಂದು ತಿಳಿಯುವ ಆಸೆ ನಿಮಗಿಂತ ನಮಗೇ ಹೆಚ್ಚು. ಆದರೆ ಯಾವ ಪ್ರಶ್ನೆ ಕೇಳಬೇಕು, ಯಾರು ಕೇಳಬೇಕು, ಹೇಗೆ ಕೇಳಬೇಕು, ಉತ್ತರವನ್ನು ಯಾರ ಕೈಗೆ ಕೊಡಬೇಕು ಎಂದು ಮೊದಲು ನಮ್ಮ ಹೆಂಗಸರ ಜೊತೆ ಕೂತು ಮಾತಾಡಿದ್ದರೆ ನಿಮ್ಮ ಅಧ್ಯಯನಕ್ಕೆ ಏನು ನಷ್ಟವಾಗುತ್ತಿತ್ತು? ಒಂದು ಮಧ್ಯಾಹ್ನ ಹೋಗುತ್ತಿತ್ತು. ಚಹ ನಾವೇ ಕೊಡುತ್ತಿದ್ದೆವು.

ಕೈಲಾಸನ ವಿಷಯ ಅವನ ಮನೆಗೇ ಮುಗಿದಿದ್ದರೆ ಇಷ್ಟು ಅವಸರದಲ್ಲಿ ಬರೆಯುತ್ತಿರಲಿಲ್ಲ. ನಮ್ಮ ವಸ್ತಿಯಲ್ಲಿ ವಿಮಲಾಬಾಯಿಗೆ ಸ್ವಪ್ನಾಲಿ ಎಂಬ ಮಗಳಿದ್ದಾಳೆ, ಕೈಲಾಸನ ಓರಗೆಯವಳು. ಕೆಲವು ವಾರಗಳಿಂದ ಸಂಜೆಯಾದರೆ ಜ್ವರ, ಬಿಡದ ಕೆಮ್ಮು. ಅವಳ ಕತ್ತಿನಲ್ಲಿ ಗಂಟುಗಳೆದ್ದಿವೆ. ಲಸಿಕೆ ಹಾಕಲು ಬರುವ ಸಿಸ್ಟರು ನೋಡಿ, ಇದು ಟಿಬಿ ಇದ್ದೀತು, ತಡಮಾಡದೆ ಉಮರ್ಗಾದ ದವಾಖಾನೆಗೆ ಒಯ್ಯಿರಿ, ಔಷಧ ಪುಕ್ಕಟೆ, ಗುಣವಾಗುತ್ತದೆ ಎಂದು ಹೇಳಿದ್ದಾರೆ. ವಿಮಲಾಬಾಯಿ ಒಯ್ಯುತ್ತಿಲ್ಲ. ಜೀಪಿನ ಸದ್ದು ಕೇಳಿದರೆ ಮಗಳನ್ನೆತ್ತಿಕೊಂಡು ಹಳ್ಳದ ಕಡೆ ಓಡುತ್ತಾಳೆ. ಸಿಸ್ಟರು ಬಂದರೂ ಈಗ ಓಡುತ್ತಾಳೆ. ತೂಕ ಮಾಡುವವರು ಮಕ್ಕಳನ್ನು ಒಯ್ಯುತ್ತಾರೆ ಎಂಬುದಷ್ಟೇ ನಿಮ್ಮ ಅಧ್ಯಯನದಿಂದ ನಮ್ಮ ವಸ್ತಿ ಕಲಿತ ಆರೋಗ್ಯ ಶಿಕ್ಷಣ.

ನಿನ್ನೆ ಹಳ್ಳದ ದಂಡೆಯಲ್ಲಿ ಕೂತು ಅವಳಿಗೆ ಬಹಳ ಹೇಳಿದೆ. ಬೈದೆ, ಕಾಲು ಹಿಡಿಯಲೂ ಹೋದೆ. ಅವಳು ಕೊನೆಗೆ ಕೇಳಿದ್ದು ಇದನ್ನು: “ಅಕ್ಕಾ, ನೀ ಸಾಲಿ ಕಲ್ತಾಕಿ. ದವಾಖಾನಿಗಿ ಒಯ್ದ್ರ ನನ್ ಮಗಳು ನನ್ ಜೋಡಿನೇ ಮನಿಗಿ ಬರ್ತಾಳಂತ ನೀ ಆಣಿ ಮಾಡ್ತಿಯೇನ? ಸರೂನ ಮಗ ಎಲ್ಲಿ ಬಂದಾನ?”

ಆಣೆ ಮಾಡದೆ ಎದ್ದು ಬಂದು ಈ ಪತ್ರ ಬರೆಯಲು ಕೂತೆ. ನನ್ನ ಹತ್ತು ತರಗತಿಯ ಓದು, ಸಿಸ್ಟರಮ್ಮನ ಸಮಾಧಾನ, ಸರ್ಕಾರದ ಪುಕ್ಕಟೆ ಔಷಧ, ಯಾವುದೂ ಅವಳಿಗೆ ಸಾಕ್ಷಿಯಾಗಲಿಲ್ಲ. ಒಯ್ದ ಮಗು ತಿರುಗಿ ಬಂದದ್ದನ್ನು ಅವಳು ಕಣ್ಣಾರೆ ಕಾಣಬೇಕು.

ಅದಕ್ಕೇ ಮಾನ್ಯರೇ, ನಮ್ಮ ಬೇಡಿಕೆ. ಮುಂದಿನ ಹಂತದಲ್ಲಿ ಮಕ್ಕಳ ರಕ್ತ ತೆಗೆಯಲು ಬರುತ್ತೀರೆಂದು ಕೇಳಿದ್ದೇನೆ. ನಮ್ಮೊಡನೆ ಕೂತು ಮಾತಾಡುವವರೆಗೆ ಬರಬೇಡಿ. ಪೊಲೀಸ್ ಪಾಟೀಲರ ಸಹಿಯನ್ನು ಹರಿದು ಹಾಕಿ. ವರದಿಯಲ್ಲಿ ನಮ್ಮ ತಾಯಂದಿರ ಬಗ್ಗೆ ಬರೆದದ್ದು ತಪ್ಪು ಎಂದು, ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಮಕ್ಕಳ ರಕ್ಷಣೆಯ ಕಚೇರಿಗೆ ಬರೆದು ತಿಳಿಸಿ. ಇದಕ್ಕೆಲ್ಲ ದಿನ ಹಿಡಿಯುತ್ತದೆ ಎಂದು ಬಲ್ಲೆ. ಸ್ವಪ್ನಾಲಿಗೆ ಅಷ್ಟು ದಿನಗಳಿಲ್ಲ. ಆದ್ದರಿಂದ ಇವತ್ತು ಒಂದೇ ಕೆಲಸ ಮಾಡಿ. ಕೈಲಾಸನನ್ನು ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ, ನಿಮ್ಮ ಜೀಪಿನಲ್ಲೇ ಕರೆತಂದು ಅವನ ತಾಯಿಯ ಕೈಗೆ ಕೊಡಿ. ವಿಮಲಾಬಾಯಿ ಹಳ್ಳದ ಕಡೆಯಿಂದ ಅದನ್ನು ನೋಡುತ್ತಾಳೆ. ಮಗಳನ್ನೆತ್ತಿಕೊಂಡು ಆಕೆ ಹೊರಡಲು ಒಪ್ಪಿದರೆ, ಉಮರ್ಗಾಕ್ಕೆ ಹೋಗುವ ಆಟೋವನ್ನು ನಾನೇ ನಿಲ್ಲಿಸಿಕೊಂಡಿರುತ್ತೇನೆ.

ಇಂತಿ,
ನಿಮ್ಮ ವರದಿಯಲ್ಲಿ ‘ಸಹಕಾರ ನೀಡದ ಸಮುದಾಯ’ ಎಂದು ಹೆಸರಾದವರ ಪೈಕಿ, ಇನ್ನೂ ನಿಮ್ಮ ಸಹಕಾರಕ್ಕೆ ಕಾದಿರುವ
ಸುಗಂಧಾ
ಪಾರಧಿ ವಸ್ತಿ, ದಾಳಿಂಬದ ಹತ್ತಿರ