ಕಾಡುನಾಯಿ ನೋಡಿ ಬಂದವಳು

ಹೊರಮಾವು, ಅಕ್ಟೋಬರ್ ೧೮, ಶನಿವಾರ

ಆಫ್ರಿಕಾದಿಂದ ಮನೆಗೆ ಬಂದಾಯಿತು. ನನ್ನ ನಿದ್ದೆ ಇನ್ನೂ ಅಲ್ಲೇ ಇದೆ.

ತಾಂಜಾನಿಯಾಕ್ಕೆ ಹೋದದ್ದು ಸಿಂಹ ನೋಡಲು. ಸಿಂಹಗಳು ದರ್ಶನ ಕೊಟ್ಟವು, ಆಕಳಿಸಿದವು, ಮಲಗಿದವು. ಸಮಯದ ಸಿಂಹಪಾಲು ಮಾತ್ರ ನಾಯಿಗಳಿಗೆ ಹೋಯಿತು. "ಕಾಡುನಾಯಿ! ನಿಮ್ಮ ಅದೃಷ್ಟ!" ಎಂದು ಗೈಡ್ ಎಲಿಯಾ ಜೀಪು ತಿರುಗಿಸಿಯೇಬಿಟ್ಟ.

"ರೀ, ನಾಯಿ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮ ಕ್ರಾಸಲ್ಲೇ ಬೇಕಾದಷ್ಟಿವೆ," ಎಂದಳು ಹೆಂಡತಿ.

ಹೋದ ವರ್ಷ ಅದೇ ಕ್ರಾಸಿನಲ್ಲಿ ನಾಯಿಯಿಂದ ಕಚ್ಚಿಸಿಕೊಂಡ ಮಗಳು ತನ್ಮಯಿ ನನ್ನ ಕೊರಳಿಗೆ ಜೋತುಬಿದ್ದಳು. ನಾಯಿ ಕಚ್ಚಿದಂದಿನಿಂದ ಅವಳು ಬೀದಿಯಲ್ಲಿ ನಡೆದದ್ದೇ ಇಲ್ಲ. ನಾನೇ ಅವಳ ವಾಹನ.

ಕಾಡುನಾಯಿಗಳು ಕೆಡವಿದ್ದ ಬೇಟೆಯನ್ನು ಮೊದಲು ಮರಿಗಳು ತಿಂದವು. ದೊಡ್ಡವು ಕಾದು ನಿಂತವು. ತಡವಾಗಿ ಬಂದ ಒಂದು ಕುಂಟನಾಯಿಗೆ ಇನ್ನೊಂದು ತಾನು ತಿಂದದ್ದನ್ನೇ ಕಕ್ಕಿ ಕೊಟ್ಟಿತು. ನನ್ನ ಕೊರಳ ಹಿಡಿತ ಮೆಲ್ಲಗೆ ಸಡಿಲವಾಯಿತು.

ಇವತ್ತು ಸಂಜೆ, ರಸ್ತೆ ಅಗೆದಿದ್ದರಿಂದ, ಕ್ಯಾಬ್‌ನವನು ಕ್ರಾಸಿನ ತುದಿಯಲ್ಲೇ ಇಳಿಸಿದ. ಅಭ್ಯಾಸಬಲದಿಂದ ಬಗ್ಗಿದೆ.

"ಎತ್ಕೋಬೇಡ ಅಪ್ಪ."

ನನ್ನ ಎರಡು ಬೆರಳು ಹಿಡಿದು, ಉಸಿರು ಬಿಗಿಹಿಡಿದು, ಮಲಗಿದ್ದ ನಾಯಿಗಳ ಎದುರಿಗೇ ನಡೆದಳು. ಗೇಟಿನ ಹತ್ತಿರ ನಿಂತು ತಿರುಗಿ ನೋಡಿದಳು. "ಇವುಗಳಲ್ಲಿ ಹುಷಾರಿಲ್ದೇ ಇರೋದಕ್ಕೆ ಊಟ ಯಾರು ತಂದ್ಕೊಡ್ತಾರೆ?"

ಉತ್ತರಕ್ಕೆ ಕಾಯದೆ ಅವಳು ಬೆರಳು ಬಿಟ್ಟು ಮೆಟ್ಟಿಲು ಹತ್ತಿದಳು.

ವರ್ಷವಿಡೀ ಇದನ್ನೇ ಬಯಸಿದ್ದೆ. ಆದರೂ ಹೆಗಲು ಇಷ್ಟು ಹಗುರವಾದದ್ದು ಯಾಕೋ ಒಗ್ಗುತ್ತಿಲ್ಲ. ಇನ್ನೊಂದು ತಿಂಗಳಾದರೂ ಅವಳು ನನ್ನ ಮೇಲೆ ಸವಾರಿ ಮಾಡಬಹುದಿತ್ತು.