ಅಪ್ಪನ ಆಕ್ಸಿಜನ್ ಮಷೀನು

ತಮ್ಮಾ,

ಇವತ್ತು ನನಗೆ ಮೊದಲ ಪಾಳಿ, ನಿನ್ನನ್ನು ಎಬ್ಬಿಸದೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ. ಹಸಿವಿಲ್ಲ ಅಂತ ನೆಪ ಹೇಳದೆ ಬಿಸಿ ಮಾಡಿಕೊಂಡು ತಿನ್ನು.

ಕರೆಂಟು ಉಳಿಸೋದು ಹೇಗೆ ಅಂತ ಮನೆಮನೆಗೆ ಹೋಗಿ ತೋರಿಸುತ್ತಾರಲ್ಲ, ಆಚೆ ಬಡಾವಣೆಯ ಲೈನ್‌ಮನ್ ತಾತ ಮತ್ತು ಟೈಲರಮ್ಮ, ನಿನ್ನೆ ನೀನಿಲ್ಲದಾಗ ಬಂದಿದ್ದರು. ಹಳೇ ಬಲ್ಬುಗಳನ್ನೆಲ್ಲ ಬದಲಾಯಿಸಿದರು. ಫ್ರಿಜ್ಜಿನ ಬಾಗಿಲಿಗೆ ಹೊಸ ರಬ್ಬರ್ ಹಾಕಿದರು. ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನ ಮಷೀನಿನ ಸದ್ದು ಕೇಳಿ ತಾತ ದನಿ ತಗ್ಗಿಸಿ, "ಯಾರಿಗಮ್ಮ ಹುಷಾರಿಲ್ಲ?" ಅಂದರು.

"ಅಪ್ಪಂಗೆ. ಈಗಷ್ಟೇ ಮಲಗಿದಾರೆ," ಅಂದುಬಿಟ್ಟೆ. ಪಾಪ, ಇಬ್ಬರೂ ಹೆಜ್ಜೆ ಸದ್ದಾಗದ ಹಾಗೆ ಹೊರಗೆ ಹೋದರು.

ಅಪ್ಪ ಹೋಗಿ ಐದು ತಿಂಗಳಾಯಿತು ಕಣೋ. ಆ ಸದ್ದಿಲ್ಲದೆ ನಿನಗೆ ನಿದ್ದೆ ಹತ್ತುವುದಿಲ್ಲ ಅಂತ ಗೊತ್ತಿದ್ದೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಈಗೀಗ ನೀನು ಹಗಲಲ್ಲೂ ಅದನ್ನು ಆರಿಸುತ್ತಿಲ್ಲ.

ಹತ್ತು ಗಂಟೆಗೆ ಅವರು ಕಿಟಕಿಯ ಸಂದು ಮುಚ್ಚಲು ಮತ್ತೆ ಬರುತ್ತಾರೆ. ನೀನೇ ಬಾಗಿಲು ತೆಗೆದು ನಿಜ ಹೇಳು. ಉಸಿರಾಟಕ್ಕೆ ಕಷ್ಟಪಡುವವರು ಯಾರಾದರೂ ಗೊತ್ತಾ ಅಂತ ಕೇಳು, ಮಷೀನು ಅವರಿಗೆ ಕೊಟ್ಟುಬಿಡೋಣ. ಅದನ್ನು ಆರಿಸಲು ಕೈ ಬಾರದಿದ್ದರೆ ಬಿಡು, ಸಂಜೆ ನಾನು ಬಂದ ಮೇಲೆ ಇಬ್ಬರೂ ಸೇರಿ ಆರಿಸೋಣ.

ನಿನ್ನ ಮೇಲೆ ಸಿಟ್ಟಿಲ್ಲ. ಆ ಸುಳ್ಳು ಹೇಳಿದಾಗ ನನಗೆ ನಾಚಿಕೆಯಾಗಲಿಲ್ಲ, ಒಂದು ಗಳಿಗೆ ಜೀವಕ್ಕೆ ಹಾಯೆನಿಸಿತು. ತಾತ ಇನ್ನೊಮ್ಮೆ ಕೇಳಲಿ ಅನ್ನಿಸಿತು. ಹೆದರಿಕೆಯಾಗಿದ್ದು ಆಗಲೇ.

ಅಕ್ಕ